ಹಾಲು ಹಾಳಾದ ಬೆಳಿಗ್ಗೆ

ಪತ್ತೇದಾರರ ಮನೆಗೆ ಬರುವವರು ಸಾಮಾನ್ಯವಾಗಿ ಅತ್ತಿತ್ತ ನೋಡಿಕೊಂಡು, ಮುಖ ಮರೆಸಿಕೊಂಡು ಬರುತ್ತಾರೆ. ಆ ಬೆಳಿಗ್ಗೆ ಬಂದ ಹೆಡ್‌ಮೇಷ್ಟ್ರು ಮಾತ್ರ ಬೀದಿಯ ಆ ತುದಿಯಿಂದಲೇ "ಅತ್ತಿಗೆ ಇದ್ದಾರಾ?" ಎಂದು ಕೂಗುತ್ತ ಬಂದರು. ಅವರ ಒಂದು ಕಾಲಲ್ಲಿ ಕಪ್ಪು ಬೂಟಿತ್ತು, ಇನ್ನೊಂದರಲ್ಲಿ ಕಂದು ಬೂಟು.

ಅತ್ತಿಗೆ ಅವರಿಗೇನೂ ಅತ್ತಿಗೆಯಲ್ಲ. ಪೊಲೀಸ್ ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಪತ್ತೇದಾರಿ ಕಚೇರಿ ತೆರೆದ ಆಕೆಯನ್ನು ಗಂಡನ ತಂಗಿ ಪುಟ್ಟಿ ಹಾಗೆ ಕರೆಯುತ್ತಿದ್ದಳು. ಕೇಳಿ ಕೇಳಿ ಊರೆಲ್ಲ ಹಾಗೇ ಕರೆಯತೊಡಗಿತು. ಪುಟ್ಟಿಯೂ ಹೆಸರಿಗಷ್ಟೇ ಪುಟ್ಟಿ, ತಲೆಯಲ್ಲಿ ಬಿಳಿ ಕೂದಲು ಧಾರಾಳವಾಗಿಯೇ ಇಣುಕುತ್ತಿದ್ದವು. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳುವುದು ಹೇಗೆಂಬುದೇ ಬೀದಿಯವರಿಗೆ ಬಿಡಿಸಲಾಗದ ಒಗಟಾಗಿತ್ತು. ಅತ್ತಿಗೆಯ ಬುದ್ಧಿಯ ಮೇಲೆ ಪುಟ್ಟಿಗೆ ಹೆಮ್ಮೆ, ಪುಟ್ಟಿಯ ಸ್ಕೂಟರಿನ ಮೇಲೆ ಅತ್ತಿಗೆಗೆ ನಂಬಿಕೆ. ಒಗಟು ಅಷ್ಟೇ.

ಹೆಡ್‌ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಗೋಳು ತೋಡಿಕೊಂಡರು. ಹಿಂದೆ ಅವರ ಶಾಲೆಗೆ ಮಧ್ಯಾಹ್ನದ ಊಟ ದೂರದ ಕಾರ್ಖಾನೆಯಿಂದ ಮುಚ್ಚಿದ ಡಬ್ಬಿಗಳಲ್ಲಿ ಬರುತ್ತಿತ್ತು. ಅರ್ಧ ಮಕ್ಕಳ ಹೊಟ್ಟೆಗೆ, ಅರ್ಧ ಕಸದ ಬುಟ್ಟಿಗೆ. ಆಮೇಲೆ ಶಾಲೆಯಲ್ಲೇ ಅಡುಗೆಮನೆ ಶುರುವಾಯಿತು. ಊರ ಸುತ್ತಲಿನ ತೋಟಗಳ ಸೊಪ್ಪು, ತರಕಾರಿ, ಕಾಳು, ಕೊಟ್ಟಿಗೆಗಳ ಹಾಲು, ಇವಿಷ್ಟೇ ಸಾಮಾನು. ಅಡುಗೆಯವಳು ಎಲ್ಲರೂ ದೊಡ್ಡಕ್ಕ ಎನ್ನುವ ಹೆಂಗಸು. ಸೊಪ್ಪು ಕಂಡರೆ ಮೂಗು ಮುರಿಯುತ್ತಿದ್ದ ಮಕ್ಕಳು ಈಗ ಎರಡನೆಯ ಸಲ ತಟ್ಟೆ ಒಡ್ಡುತ್ತಿದ್ದರು. ಈ ದಿನ ಮಧ್ಯಾಹ್ನ ಊಟದ ಸಮಿತಿಯವರು ಬಂದು ಉಣ್ಣುವವರಿದ್ದರು. ಅವರು ಮೆಚ್ಚಿದರೆ ಊರಿನ ಎಲ್ಲ ಶಾಲೆಗಳಿಗೂ ಇಂಥದೇ ಅಡುಗೆಮನೆ. ಮೆಚ್ಚದಿದ್ದರೆ ಇದಕ್ಕೂ ಬೀಗ, ಮತ್ತೆ ಡಬ್ಬಿಯೇ ಗತಿ.

ಇಂಥ ದಿನ ಸಾಮಾನಿನ ವ್ಯಾನು ಬಂದಿರಲಿಲ್ಲ. ಹಾಲನ್ನೂ ತರಕಾರಿಯನ್ನೂ ಒಟ್ಟಿಗೆ ತರುವ ಹಾಲಿನಮ್ಮನಿಗೆ ಫೋನು ಮಾಡಿದರೆ ಆಕೆ ಕೆಂಡಾಮಂಡಲವಾಗಿದ್ದಳು. ನಿನ್ನೆ ಸಂಜೆ ದೊಡ್ಡಕ್ಕ ತಾನೇ ಅಡುಗೆಮನೆಯ ಫೋನಿನಿಂದ ಮಾತಾಡಿ ಎಲ್ಲ ಬೇಡ ಎಂದಳಂತೆ. ಸಾಲದ್ದಕ್ಕೆ ತನ್ನ ಹಾಲನ್ನು ಹಾಳು ಎಂದಳಂತೆ. ಇನ್ನು ಆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಾಲಿನಮ್ಮ ಫೋನಿಟ್ಟುಬಿಟ್ಟಿದ್ದಳು.

"ದೊಡ್ಡಕ್ಕ ನಾನು ಫೋನೇ ಮುಟ್ಟಿಲ್ಲ ಅಂತಾಳೆ," ಎಂದರು ಹೆಡ್‌ಮೇಷ್ಟ್ರು. "ನಮ್ಮ ಎರಡನೇ ಮೇಡಂ ಅವಳನ್ನ ಈಗಲೇ ಕೆಲಸದಿಂದ ಬಿಡಿಸಿ, ಉಗ್ರಾಣದಲ್ಲಿ ಉಳಿದಿರೋ ಡಬ್ಬಿನೇ ಬಡಿಸೋಣ ಅಂತಿದಾರೆ. ನನಗೆ ತಲೆಯೇ ಓಡ್ತಿಲ್ಲ."

"ಕಾಲು ಓಡಿದೆಯಲ್ಲ, ಸಾಕು," ಎಂದು ಅತ್ತಿಗೆ ಅವರ ಬೂಟುಗಳನ್ನು ನೋಡಿ ಎದ್ದಳು.

ಶಾಲೆಯ ಅಡುಗೆಮನೆ ಒರೆಸಿಟ್ಟ ಹಾಗಿತ್ತು. ಗೋಡೆಯ ಕೊಕ್ಕೆಗಳಲ್ಲಿ ಸೌಟುಗಳು ಉದ್ದಕ್ಕೆ ತಕ್ಕಂತೆ ಸಾಲಾಗಿ ತೂಗುತ್ತಿದ್ದವು. ತರಕಾರಿಯ ಬುಟ್ಟಿಗಳು ಖಾಲಿ ಬಿದ್ದಿದ್ದವು. ಆದರೂ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಸಾಮಾನು ಬಂದೇ ಬರುತ್ತದೆಂಬ ಹಟದಲ್ಲಿ ದೊಡ್ಡಕ್ಕ ಒಲೆ ಹಚ್ಚಿಬಿಟ್ಟಿದ್ದಳು.

"ನಾನು ಫೋನ್ ಮಾಡಿಲ್ಲ, ಅತ್ತಿಗೆ," ಎಂದಳು ಅವಳು. "ನನ್ನ ಹೆಸರು ಹಾಲಾಗೋಯ್ತು. ಮಕ್ಕಲ ಮುಂದೆ ಹೇಗೆ ತಲೆ ಎತ್ತಲಿ?"

ದೊಡ್ಡಕ್ಕನ ನಾಲಿಗೆ ಹುಟ್ಟಿನಿಂದಲೂ ‘ಳ’ ಎನ್ನಲು ಹೊರಳುತ್ತಿರಲಿಲ್ಲ. ಅವಳ ಬಾಯಲ್ಲಿ ಬೇಳೆ ಬೇಲೆಯಾಗುತ್ತಿತ್ತು, ನಾಳೆ ನಾಲೆಯಾಗಿ ಹರಿಯುತ್ತಿತ್ತು. ಬೇರೆ ದಿನವಾಗಿದ್ದರೆ ಪುಟ್ಟಿ ನಕ್ಕುಬಿಡುತ್ತಿದ್ದಳು. ಆ ದಿನ ಅವಳು ದೊಡ್ಡಕ್ಕನ ಕೈ ಹಿಡಿದುಕೊಂಡಳು.

ಅತ್ತಿಗೆ ಗೋಡೆಯ ಫೋನನ್ನೂ ಬಾಗಿಲ ಬೀಗವನ್ನೂ ನೋಡಿದಳು. ದೊಡ್ಡಕ್ಕ ಸಂಜೆ ಬೀಗ ಹಾಕಿ, ಕೀಲಿಯನ್ನು ಎಂದಿನಂತೆ ಕಚೇರಿಯ ಮೊಳೆಗೆ ನೇತುಹಾಕಿ ಹೋಗಿದ್ದಳು. ಆಮೇಲೆ ಊಟದ ಹಾಲ್ ಸಿಂಗರಿಸಲು ಶಾಲೆಯಲ್ಲಿ ಉಳಿದಿದ್ದವರು ಮೂವರೇ: ಉಗ್ರಾಣದಾಕೆ, ಆಟದ ಮೇಷ್ಟ್ರು, ಎರಡನೇ ಮೇಡಂ.

ಉಗ್ರಾಣದಾಕೆಗೆ ಹೊಸ ಊಟದ ಮೇಲೆ ದೂರುಗಳು ಬೇಕಾದಷ್ಟಿದ್ದವು. ಡಬ್ಬಿಗಳಿದ್ದಾಗ ಉಗ್ರಾಣ ಕನ್ನಡಿಯ ಹಾಗಿತ್ತಂತೆ, ಈಗ ಮೂಲೆ ಮೂಲೆಯಲ್ಲೂ ಗಡ್ಡೆಗಳ ಮಣ್ಣು. ಆದರೂ ಮಧ್ಯಾಹ್ನ ದೊಡ್ಡಕ್ಕನ ಪಕ್ಕದಲ್ಲಿ ಕೂತು ಉಣ್ಣದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಅವಳೇ ಒಪ್ಪಿಕೊಂಡಳು.

ಆಟದ ಮೇಷ್ಟ್ರು ಅನುಕರಣೆಯಲ್ಲಿ ಎತ್ತಿದ ಕೈ. ಅವರಿಗೂ ದಿನದ ಊಟ ಅಡುಗೆಮನೆಯ ಬೆಂಚಿನ ಮೇಲೆಯೇ. ಕೇಳುವುದಕ್ಕೂ ಮೊದಲೇ ಸೊಂಟಕ್ಕೆ ಕೈಯಿಟ್ಟು "ಮಕ್ಕಲೇ, ಕೈ ತೊಲ್ಕೊಂಡು ಬನ್ನಿ" ಎಂದಾಗ ದೊಡ್ಡಕ್ಕನೇ ಒಳಗೆ ಬಂದಳೆಂದು ಪುಟ್ಟಿ ಹಿಂತಿರುಗಿ ನೋಡಿದಳು. ಅಲ್ಲಿಗೆ ಕಳ್ಳ ಸಿಕ್ಕಿದನೆಂದೇ ಅವಳ ಲೆಕ್ಕಾಚಾರ. ಅತ್ತಿಗೆ ಮಾತ್ರ ಎರಡನೇ ಮೇಡಂ ಅವರ ಕೋಣೆಯ ಕಡೆ ನಡೆದಳು.

ಎರಡನೇ ಮೇಡಂ ಹೆಡ್‌ಮೇಷ್ಟ್ರ ನಂತರದ ಹುದ್ದೆಯವರು. ಅವರ ಕೋಣೆಯ ಗೋಡೆಯಲ್ಲಿ ಹಳೆಯದೊಂದು ಫೋಟೋ ಇತ್ತು: ಮೊದಲ ದಿನದ ಡಬ್ಬಿ ಊಟ ಹಂಚುತ್ತ ನಗುತ್ತಿರುವ ಮೇಡಂ. ಮೇಜಿನ ಮೇಲೆ ಮನೆಯಿಂದ ತಂದ ಟಿಫಿನ್ ಬಾಕ್ಸ್ ಇತ್ತು. ತಾವು ಅಡುಗೆಮನೆಯ ಕಡೆ ತಲೆ ಹಾಕುವುದೇ ಇಲ್ಲವೆಂದೂ, ದೊಡ್ಡಕ್ಕನ ವಿಷಯವೆಲ್ಲ ಸ್ಟಾಫ್ ರೂಮಿನಲ್ಲಿ ಕಿವಿಗೆ ಬಿದ್ದದ್ದಷ್ಟೇ ಎಂದೂ ಹೇಳಿದರು.

"ಹಾಲಿಗೆ ಹಾಳು, ಹಾಳಿಗೆ ಹಾಲು ಅನ್ನೋರ ಕೈಗೆ ಫೋನ್ ಕೊಟ್ರೆ ಇನ್ನೇನಾಗುತ್ತೆ ಹೇಳಿ," ಎಂದು ತುಟಿ ಓರೆ ಮಾಡಿದರು.

ಹೊರಗೆ ಬಂದ ಅತ್ತಿಗೆ ಪುಟ್ಟಿಯ ಹೆಗಲು ತಟ್ಟಿದಳು. "ಸ್ಕೂಟರ್ ತೆಗಿ. ಹಾಲಿನಮ್ಮನ್ನ ಕರ್ಕೊಂಡು ಬಾ. ಫೋನಲ್ಲಿ ಏನು ಕೇಳಿಸ್ತೋ ಅದನ್ನ ಕೇಳಿಸಿದ ಹಾಗೇ ಹೇಳಿಸು, ಅವಳ ಸಿಟ್ಟಿನ ಮಾತು ಬೆರೆಸಬೇಡ. ಮತ್ತೆ, ವ್ಯಾನು ಖಾಲಿ ಬರಬಾರದು."

ಹಾಲಿನಮ್ಮನ ಕೊಟ್ಟಿಗೆ ಊರು ದಾಟಿದ ಕೂಡಲೇ ಸಿಗುತ್ತಿತ್ತು. ಹಾಲಿನ ಕ್ಯಾನುಗಳು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದವು. ಸಂತೆಗೆಂದು ಕಿತ್ತಿಟ್ಟ ಕ್ಯಾರೆಟ್ಟು, ಸೊಪ್ಪು, ಹಸಿ ಬಟಾಣಿಯ ಬುಟ್ಟಿಗಳು ನೆರಳಲ್ಲಿದ್ದವು. ಪುಟ್ಟಿ ಕೇಳಿದ್ದೇ ತಡ, ಹಾಲಿನಮ್ಮ ಸೆರಗು ಸಿಕ್ಕಿಸಿ ನಿಂತಳು.

"‘ನಾಲೆ ತರಕಾರಿ ಬೇಡ, ಹಾಳೂ ಬೇಡ’ ಅಂದ್ಲು. ಗಂಟಲು ಕಟ್ಟಿತ್ತು, ಪಿಸುಪಿಸು ಅಂತಿದ್ಲು. ಆದ್ರೆ ನಾಲೆ ಅನ್ನೋಳು ಈ ಊರಲ್ಲಿ ಅವಳನ್ನ ಬಿಟ್ಟು ಇನ್ಯಾರಿದಾರೆ? ನೊರೆ ಆರದ ಹಾಲು ತಗೊಂಡೋಗಿ ಕೊಟ್ರೆ ಹಾಳಂತೆ!"

ಪುಟ್ಟಿ ಅವಳೊಂದಿಗೆ ವಾದಕ್ಕಿಳಿಯಲಿಲ್ಲ. ಸಾಮಾನು ತುಂಬಿಕೊಂಡೇ ಬನ್ನಿ, ತಪ್ಪು ದೊಡ್ಡಕ್ಕನದೇ ಆದರೆ ಮುಖಕ್ಕೆ ಹೊಡೆದ ಹಾಗೆ ಎರಡು ಮಾತು ಕೇಳಿ ಸಾಮಾನನ್ನು ವಾಪಸು ಒಯ್ಯಿರಿ ಎಂದಳು. ಮುಖಕ್ಕೆ ಹೊಡೆದ ಹಾಗೆ ಕೇಳುವ ಆಸೆಗೆ ಹಾಲಿನಮ್ಮ ಒಪ್ಪಿದಳು. ವ್ಯಾನಿನ ಹಿಂಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟಳು.

ಶಾಲೆಯ ಗೇಟಿನಲ್ಲೇ ಪುಟ್ಟಿ ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಅತ್ತಿಗೆ ಕಣ್ಣು ಕಿರಿದು ಮಾಡಿ, ಹಾಳು ಎಂದೇ ಅಂದಳೇ ಎಂದು ಮತ್ತೊಮ್ಮೆ ಕೇಳಿದಳು. ಹೌದು, ಹಾಳು ಎಂದೇ. ಅತ್ತಿಗೆಯ ಮುಖದಲ್ಲಿ ಸಣ್ಣ ನಗು ಮೂಡಿತು. ಆ ನಗು ಕಂಡರೆ ಪುಟ್ಟಿಗೆ ಬೇರೆ ಹಬ್ಬ ಬೇಡ.

ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಒಲೆಯ ಒಂದು ಪಕ್ಕ ದೊಡ್ಡಕ್ಕ, ಇನ್ನೊಂದು ಪಕ್ಕ ಅವಳತ್ತ ಮುಖವೂ ತಿರುಗಿಸದ ಹಾಲಿನಮ್ಮ. ಹೆಡ್‌ಮೇಷ್ಟ್ರು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು.

"ಮೊದಲು ಒಂದು ಸಣ್ಣ ಪರೀಕ್ಷೆ," ಎಂದಳು ಅತ್ತಿಗೆ. "‘ಹಾಲು ಬೆಳ್ಳಗಿದೆ.’ ಈ ಮಾತನ್ನ ದೊಡ್ಡಕ್ಕ ಹೇಗೆ ಹೇಳ್ತಾಳೋ ಹಾಗೇ ಹೇಳಬೇಕು. ಮೇಡಂ, ನೀವು ಹಿರಿಯರು, ನೀವೇ ಶುರು ಮಾಡಿ."

"ಇದೆಂಥ ಹುಡುಗಾಟ?" ಎಂದರು ಎರಡನೇ ಮೇಡಂ. ಆದರೂ ಬೇಗ ಮುಗಿದರೆ ಸಾಕೆಂಬಂತೆ, ಅಣಕದ ದನಿಯಲ್ಲಿ ಹೇಳಿದರು. "ಹಾಳು ಬೆಲ್ಲಗಿದೆ. ಆಯ್ತಾ?"

ಆಟದ ಮೇಷ್ಟ್ರು ಫಕ್ಕನೆ ನಕ್ಕರು. "ಎಲ್ಲಾದ್ರೂ ಉಂಟಾ ಮೇಡಂ? ದೊಡ್ಡಕ್ಕ ಹಾಲಿಗೆ ಹಾಲು ಅಂತಲೇ ಅನ್ನೋದು. ಹಾಲು ಬೆಲ್ಲಗಿದೆ."

ಉಗ್ರಾಣದಾಕೆಯೂ ಅದನ್ನೇ ಹೇಳಿದಳು: ಹಾಲು ಬೆಲ್ಲಗಿದೆ. ದೊಡ್ಡಕ್ಕನ ಸರದಿ ಬಂದಾಗ ಅವಳೂ ಅದನ್ನೇ ಹೇಳಿದಳು. ಮಗ್ಗಿ ಒಪ್ಪಿಸಿದ ಹಾಗೆ ಮೂವರದೂ ಒಂದೇ ಉತ್ತರ.

ಅತ್ತಿಗೆ ಹಾಲಿನಮ್ಮನ ಕಡೆ ತಿರುಗಿದಳು. "ನಿಮಗೆ ನಾಲೆ ಅನ್ನೋದು ಕೇಳಿಸ್ತು, ದೊಡ್ಡಕ್ಕನೇ ಅಂದ್ಕೊಂಡ್ರಿ. ಹಾಳು ಅನ್ನೋದು ಕೇಳಿಸ್ತು, ಬೈದಳು ಅಂದ್ಕೊಂಡ್ರಿ. ಒಂದು ಮಾತು ಯೋಚನೆ ಮಾಡಿ. ದೊಡ್ಡಕ್ಕನ ಬಾಯಲ್ಲಿ ‘ಳ’ ಇಲ್ಲವೇ ಇಲ್ಲ. ಅವಳು ನಿಮ್ಮ ಹಾಲನ್ನ ಹಾಳು ಅಂತ ಬೈಯಬೇಕು ಅಂದ್ರೂ ಹಾಲು ಅಂತಲೇ ಬೈಬೇಕು. ಬೈದ್ರೂ ಹೊಗಳಿದ ಹಾಗೇ ಇರುತ್ತೆ."

ಹಾಲಿನಮ್ಮನ ಕೈ ಸೊಂಟದ ಕೀಲಿಯತ್ತ ಹೋಯಿತು.

"ಅಂದ್ರೆ ಫೋನ್ ಮಾಡಿದವರು ದೊಡ್ಡಕ್ಕನ ಹಾಗೆ ಮಾತಾಡೋಕೆ ಹೋದವರು," ಎಂದು ಅತ್ತಿಗೆ ಮುಂದುವರಿಸಿದಳು. "ಕೀಲಿ ಸಿಗೋದು ಮೂರೇ ಜನಕ್ಕೆ. ಇಬ್ಬರು ದಿನಾ ಅವಳ ಜೊತೆ ಕೂತು ಉಣ್ಣೋರು, ಅವಳ ಮಾತಿನ ವರಸೆ ಅವರ ಕಿವಿಗೆ ಇಳಿದುಹೋಗಿದೆ. ಅಂಥವರು ಅಣಕಿಸಿದ್ರೆ ‘ಹಾಲೂ ಬೇಡ’ ಅಂತಿದ್ರು, ನಾನು ಸೋತೇಹೋಗ್ತಿದ್ದೆ. ಈ ತಪ್ಪು ಮಾಡೋಕೆ ಅವಳ ಮಾತನ್ನ ಬರೀ ಬೇರೆಯವರ ಬಾಯಲ್ಲಿ ಕೇಳಿರಬೇಕು. ಲ, ಳ ಅದಲು ಬದಲು ಮಾಡ್ತಾಳೆ ಅಂತ ಯಾರೋ ಆಡ್ಕೊಂಡಿದ್ದನ್ನ ನಂಬಿರಬೇಕು. ಬೆಳಿಗ್ಗೆ ಮೇಡಂ ನನ್ನ ಮುಂದೆ ಅದನ್ನೇ ಹೇಳಿದ್ರು. ಈಗ ನಿಮ್ಮೆಲ್ಲರ ಮುಂದೆ ಮಾಡಿಯೂ ತೋರಿಸಿದ್ರು. ಡಬ್ಬಿ ಬಡಿಸೋಣ ಅಂದವರೂ ಅವರೇ."

ಎರಡನೇ ಮೇಡಂ ಬೆಂಚಿನ ಮೇಲೆ ಕೂತರು. ಒಲೆಯ ನೀರು ಕೊತಕೊತ ಎನ್ನುತ್ತಿತ್ತು.

"ಆ ಡಬ್ಬಿ ಊಟ ಈ ಶಾಲೆಗೆ ಬರೋಕೆ ನಾನು ಎಷ್ಟು ಓಡಾಡಿದ್ದೆ," ಎಂದರು. "ಅದಕ್ಕೂ ಮೊದಲು ಮಕ್ಕಳಿಗೆ ಏನೂ ಇರಲಿಲ್ಲ. ಈಗ ಎಲ್ಲರ ಬಾಯಲ್ಲೂ ದೊಡ್ಡಕ್ಕ, ದೊಡ್ಡಕ್ಕ. ನಾನು ಮಾಡಿದ್ದನ್ನ ಎಲ್ಲರೂ ಕಸದ ಬುಟ್ಟಿ ಅಂತ ಮಾತ್ರ ನೆನಪಿಟ್ಕೊಂಡ್ರು."

ಪುಟ್ಟಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಪೂರ್ತಿ ಬರಲಿಲ್ಲ. ಹೆಡ್‌ಮೇಷ್ಟ್ರು ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, ನಡೆದದ್ದನ್ನು ಸಮಿತಿಯ ಮುಂದೆ ಮೇಡಂ ತಾವೇ ಹೇಳಬೇಕು ಎಂದರು. ಮೇಡಂ ತಲೆಯಾಡಿಸಿದರು.

ಹಾಲಿನಮ್ಮ ಅಷ್ಟರಲ್ಲಿ ಅಲ್ಲಿರಲಿಲ್ಲ. ವ್ಯಾನಿನ ಹಿಂಬಾಗಿಲು ಧಡಾರೆಂದು ತೆರೆದ ಸದ್ದು ಕೇಳಿಸಿತು. ಎರಡು ಕೈಯಲ್ಲೂ ಕ್ಯಾನು ಹಿಡಿದು ಬಂದವಳು ದೊಡ್ಡಕ್ಕನ ಕಾಲ ಬುಡದಲ್ಲಿಟ್ಟು, "ನನ್ನ ಕಿವಿಗೆ ನಾಲ್ಕು ಹಾಕು" ಎಂದಳು.

"ಆಮೇಲೆ ಹಾಕ್ತೀನಿ," ಎಂದಳು ದೊಡ್ಡಕ್ಕ ಕಣ್ಣೊರೆಸಿಕೊಂಡು. "ಮೊದಲು ಬಟಾಣಿ ಸುಲಿ. ಹೊತ್ತಾಯ್ತು."

ಎಲ್ಲರೂ ಸುಲಿದರು. ಉಗ್ರಾಣದಾಕೆ ಮಣ್ಣನ್ನು ಬೈಯುತ್ತಲೇ ಕ್ಯಾರೆಟ್ಟು ತೊಳೆದಳು. ಹೆಡ್‌ಮೇಷ್ಟ್ರು ಸೊಪ್ಪು ಬಿಡಿಸುವ ಭರದಲ್ಲಿ ಎಲೆ ಎಸೆದು ಕಡ್ಡಿ ಉಳಿಸಿಕೊಂಡರು. ಎರಡನೇ ಮೇಡಂ ಯಾರ ಮುಖವನ್ನೂ ನೋಡದೆ ಒಂದು ಬುಟ್ಟಿ ಎಳೆದುಕೊಂಡು ಕೂತರು. ಏಳಿ ಎಂದು ಯಾರೂ ಅನ್ನಲಿಲ್ಲ.

ಸಮಿತಿಯವರು ಬರುವ ಹೊತ್ತಿಗೆ ಹಾಲ್ ತುಂಬ ಬಿಸಿ ಸೂಪಿನ ಪರಿಮಳ ಹರಡಿತ್ತು. ಮೇಡಂ ಮಾತು ತಪ್ಪಲಿಲ್ಲ, ಎಲ್ಲರ ಎದುರು ನಿಂತು ನಡೆದದ್ದನ್ನು ಹೇಳಿದರು. ಬಳಿಕ ಮಕ್ಕಳ ಸಾಲಿನ ಕೊನೆಗೆ ಹೋಗಿ ತಟ್ಟೆ ಹಿಡಿದು ನಿಂತರು. ಆ ಅಡುಗೆಮನೆಯ ಊಟ ಅವರಿಗೆ ಅದೇ ಮೊದಲು. ದೊಡ್ಡಕ್ಕ ಅವರ ತಟ್ಟೆಗೂ ಸೌಟು ತುಂಬಿಯೇ ಬಡಿಸಿದ್ದನ್ನು ಪುಟ್ಟಿ ನೋಡಿದಳು. ಈ ಊರಿನವಳು ತಾನು ಎಂದು ಅವಳಿಗೆ ಆ ಕ್ಷಣ ಬಹಳ ಹೆಮ್ಮೆಯಾಯಿತು.

ಸಮಿತಿಯ ಅಧ್ಯಕ್ಷರು ತಟ್ಟೆ ಬರಿದು ಮಾಡಿದರು. ಪಕ್ಕದ ಮೇಜಿನ ಮಕ್ಕಳು ಸೊಪ್ಪಿಗಾಗಿ ಜಗಳಾಡುವುದನ್ನು ಕಣ್ಣರಳಿಸಿ ನೋಡಿದರು. ಆಮೇಲೆ ದೊಡ್ಡಕ್ಕನನ್ನು ಕರೆಸಿ, ಬೇರೆ ಶಾಲೆಗಳ ಅಡುಗೆಯವರನ್ನು ಕಲಿಯಲು ಕಳಿಸಿಕೊಟ್ಟರೆ ಕಲಿಸುವೆಯಾ ಎಂದು ಕೇಳಿದರು. ದೊಡ್ಡಕ್ಕ ಓಹೋ ಎಂದಳು.

"ಇಷ್ಟು ರುಚಿ ಬರೋಕೆ ಸಾಮಾನು ಎಲ್ಲಿಂದ ತರಿಸ್ತೀರಮ್ಮ?"

ದೊಡ್ಡಕ್ಕ ಸೌಟನ್ನು ಕೆಳಗಿಟ್ಟಳು. ಹಾಲಿನಮ್ಮನನ್ನು ನೋಡಿದಳು, ಮಕ್ಕಳನ್ನು ನೋಡಿದಳು, ನೆಟ್ಟಗೆ ನಿಂತಳು.

"ಎಲ್ಲಿಂದಲೂ ತರಿಸಲ್ಲ ಸಾರ್. ಇದೆಲ್ಲ ನಮ್ಮೂರ ಬೆಲೆ."

ತಿದ್ದಲೆಂದು ಹೆಡ್‌ಮೇಷ್ಟ್ರು ಬಾಯಿ ತೆರೆದರು. ಮೇಜಿನಡಿಯಲ್ಲಿ ಅತ್ತಿಗೆ ಅವರ ಕಂದು ಬೂಟನ್ನು ಬಲವಾಗಿ ತುಳಿದಳು.

"ಏನಂದ್ರಿ? ಬೆಲೆನಾ?" ಎಂದರು ಅಧ್ಯಕ್ಷರು.

"ಹೌದು ಸಾರ್," ಎಂದಳು ದೊಡ್ಡಕ್ಕ. "ನಮ್ಮ ಬೆಲೆ."

ಅಧ್ಯಕ್ಷರು ಎರಡನೆಯ ಸಲ ತಟ್ಟೆ ಒಡ್ಡಿದರು.