ಎತ್ಕೊಳ್ಳದ ಚೆಂಡು

"ಎತ್ಕೊ ಶೋಭಾ, ಸಾಕು," ಅಂದ ಚಲುವರಾಜು.

ಚೆಂಡು ಕುಳಿಯಿಂದ ಎರಡು ಮೊಳ ದೂರದಲ್ಲಿತ್ತು. ಸೋಮನಹಳ್ಳಿಯಾಚೆಯ ಆ ಗಾಲ್ಫ್ ಮೈದಾನದಲ್ಲಿ ಇಷ್ಟು ಹತ್ತಿರ ಬಂದರೆ ಗೆಳೆಯರು ಬಿಟ್ಟುಕೊಡುತ್ತಿದ್ದರು; ಹೊಡೆಯದೆಯೇ ಒಳಗೆ ಬಿದ್ದ ಲೆಕ್ಕ. ಇದೊಂದು ಬಿದ್ದರೆ ಶೋಭಾರಾಣಿಯ ಹ್ಯಾಂಡಿಕ್ಯಾಪ್ ಹತ್ತರಿಂದ ಒಂಬತ್ತಕ್ಕೆ ಇಳಿಯುತ್ತಿತ್ತು. ಹ್ಯಾಂಡಿಕ್ಯಾಪ್ ಅಂದರೆ ಆಟಗಾರರಿಗೆ ರಿಯಾಯಿತಿಯಾಗಿ ಕೊಡುವ ಹೊಡೆತಗಳು; ಇಳಿದಷ್ಟೂ ಆಟ ಗಟ್ಟಿ. ಇದಕ್ಕಾಗಿಯೇ ಅವಳು ವರ್ಷವಿಡೀ ಸಬ್‌ಸ್ಟೇಷನ್ ಡ್ಯೂಟಿ ಮುಗಿಸಿ ತನ್ನೂರು ಆತಗೂರಿಗೆ ಓಡಿ, ಅಪ್ಪ ಕರಿಯಯ್ಯ ಸಗಣಿ ಸಾರಿಸಿದ ರಾಗಿ ಕಣದಲ್ಲಿ ಚೆಂಡು ಉರುಳಿಸಿದ್ದಳು.

ಟೋಪಿಯ ನೆರಳಲ್ಲಿ ಚಲುವರಾಜುವಿನ ಕಣ್ಣು ತುಂಟತನದಿಂದ ನಗುತ್ತಿತ್ತು. ಆ ಕಣ್ಣಿಗೇ ಅವಳು ಸೋತಿದ್ದು. ಇವತ್ತು ಸೋಲಲಿಲ್ಲ.

"ನಂಗ್ಯಾರೂ ಬುಟ್ಕೊಡೋದು ಬ್ಯಾಡ."

ಹೊಡೆದಳು. ಚೆಂಡು ಕುಳಿಯ ತುಟಿ ಸವರಿ ಹೊರಗೇ ನಿಂತಿತು.

"ಕಾರ್ಡಲ್ಲಿ ತಪ್ತು ಅಂತ ಬರಿ."

"ಯಾರೂ ನೋಡ್ನಿಲ್ಲ ಕಣೆ."

"ನಾನ್ ನೋಡ್ದೆ."

ಹ್ಯಾಂಡಿಕ್ಯಾಪ್ ಹತ್ತರಲ್ಲೇ ಉಳಿಯಿತು.

ಕಾರಿನ ಹತ್ತಿರ ಅವನು ಬೆಳಗಿನಿಂದ ಬಚ್ಚಿಟ್ಟುಕೊಂಡಿದ್ದ ಸುದ್ದಿ ಬಿಚ್ಚಿದ. ಅವನವ್ವ ಬೆಟ್ಟಮ್ಮ ಕೊನೆಗೂ ಮದುವೆಗೆ ಒಪ್ಪಿದ್ದಳು. ಒಂದೇ ಮಾತು: ತಮ್ಮೂರು ಹಲಗೂರಿನ ಕಡೆ ಯಾರಾದರೂ ಕೇಳಿದರೆ ಹುಡುಗಿ ಮೈಸೂರಿನ ಆಫೀಸರು ಅನ್ನಬೇಕು. ಆತಗೂರೂ ಬೇಡ, ಕರಿಯಯ್ಯನ ಹೆಸರೂ ಬೇಡ.

ಶೋಭಾ ಗಾಲ್ಫ್ ಕೋಲನ್ನು ನಿಧಾನವಾಗಿ ಒರೆಸಿದಳು.

"ಮೀಸಲಾತೀಲಿ ಕೆಲ್ಸ ತಕೊಂಡೆ, ತಲೆ ಎತ್ಕೊಂಡೇ ತಕೊಂಡೆ. ಅದು ನನ್ ಹಕ್ಕು. ನಿಮ್ಮವ್ವ ಕೊಡ್ತಿರೋದು ಭಿಕ್ಷೆ. ಅಪ್ಪನ ಹೆಸ್ರು ಅಳಿಸ್ಕೊಂಡು ನಿನ್ ಮನೆಗ್ ಬರಾಕಿಲ್ಲ."

"ನಿನ್ನ ಬುಟ್ಟು ಇರಕ್ಕಾಗಾಕಿಲ್ಲ."

"ನಂಗೂ ಕಷ್ಟಾನೆ. ಆದ್ರೂ ಇರ್ತೀನಿ."

ವಾರವೆಲ್ಲ ಅವನ ಫೋನಿಲ್ಲ. ಕಣದ ಮೂಲೆಯಲ್ಲಿ ಹೂತಿದ್ದ ತೆಂಗಿನ ಕರಟವೇ ಅವಳ ಕುಳಿ. ಚೆಂಡು ಅದರ ಪಕ್ಕದಲ್ಲೇ ಹಾದುಹೋಗುತ್ತಿತ್ತು; ಅವಳು ಹಲ್ಲು ಕಚ್ಚಿ ಮತ್ತೆ ಉರುಳಿಸುತ್ತಿದ್ದಳು.

ಭಾನುವಾರ, ಒಳ್ಳೆ ಬಿಸಿಲಲ್ಲಿ, ಚಲುವರಾಜು ಬಂದ. ಬೈಕನ್ನು ಬೀದಿ ತುದಿಯಲ್ಲೇ ನಿಲ್ಲಿಸಿ, ಮನೆಮನೆಯ ಜಗಲಿಯೂ ನೋಡುವಂತೆ ನಡೆದು ಬಂದ. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಕರಿಯಯ್ಯ ಕೊಟ್ಟ ನೀರನ್ನು ಗಟಗಟ ಕುಡಿದ. ಅವನ ಕಣ್ಣು ಕೆಂಪಾಗಿತ್ತು.

"ಬೆಳಿಗ್ಗೆ ನಮ್ಮೂರ್ ಡೈರಿ ತಾವ ಹಾಲಾಕೋ ಸಾಲಲ್ಲಿ ಮದ್ವೆ ಯಾವಾಗ್ಲಾ ಅಂದ್ರು. ಆತಗೂರು ಕರಿಯಯ್ಯನ ಮಗ್ಳು ಶೋಭಾರಾಣಿ ಒಪ್ಪುದ್ ದಿನ ಅಂದೆ. ಯಾವ ಬೀದಿಯೋಳು ಅಂದ್ರು. ಅದ್ನೂ ಹೇಳ್ದೆ."

"ನಿಮ್ಮವ್ವ?"

"ಮಾತು ಬುಟ್ಟವ್ಳೆ."

ಅವಳು ಒಂದು ಚೆಂಡನ್ನು ಅವನ ಕಾಲ ಬಳಿ ಉರುಳಿಸಿ, ಕೋಲು ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೇಗ ತೆಗೆಯಲಿಲ್ಲ.

ಅವನು ಹೊಡೆದ. ಚೆಂಡು ಕರಟದ ಹತ್ತಿರ ಹೋಗಿ, ಒಂದು ಗೇಣು ಈಚೆಗೆ ನಿಂತಿತು. ಓರೆಗಣ್ಣಲ್ಲಿ ಅವಳತ್ತ ನೋಡಿದ. ಅದೇ ಹಳೆಯ ತುಂಟತನ.

"ಎತ್ಕೊಳ್ಳಾ?"

ಉಕ್ಕಿ ಬಂದ ನಗುವನ್ನು ತುಟಿಯಲ್ಲೇ ಹಿಡಿದಳು. "ಒಳಕ್ ಹಾಕು."

ಬರಿಗಾಲಲ್ಲಿ ನಿಂತು ಹಾಕಿದ. ಕರಟ ಟೊಕ್ಕೆಂದಿತು. ಬೀದಿಗೆ ಬೀದಿಯೇ ನೋಡುತ್ತಿರುವಾಗ ಅವಳು ಅವನ ಕೈ ಹಿಡಿದಳು.

"ಮುಂದಿನ್ವಾರ ಒಂಬತ್ತು," ಅಂದಳು.

"ಹೊಡ್ದು ತೋರ್ಸು. ನಾನಂತೂ ಬುಟ್ಕೊಡಾಕಿಲ್ಲ ಕಣೆ."