ಕಿಟಕಿ ಪಕ್ಕದ ಎರಡು ಕುರ್ಚಿ

ನಮ್ಮ ಹಾರ್ನ್‌ವಿಕ್ ಕೋಟೆಯ ಹಳೇ ಕುರ್ಚಿಗಳಿಗೆ ‘ಕೂರಬೇಡಿ’ ಎಂದು ಬೋರ್ಡು ಹಾಕುವಷ್ಟು ಒರಟರಲ್ಲ ನಾವು. ಒಣಗಿದ ಮುಳ್ಳುಹೂವೊಂದನ್ನು ಸೀಟಿನ ಮೇಲೆ ಇಟ್ಟು, ಸಭ್ಯವಾಗಿಯೇ ಚುಚ್ಚುತ್ತೇವೆ. ಯುದ್ಧಕ್ಕೆ ಹೋದ ಗಂಡನಿಗೆ ನಾನೂರು ವರ್ಷದಿಂದ ಕಾಯುತ್ತಿರುವ ದೊರೆಸಾನಿಯ ದೆವ್ವ ನೋಡಲು ಜನ ಮಹಡಿಯ ಕೋಣೆಗೆ ಬರುತ್ತಾರೆ; ಅಲ್ಲಿ ಸಮುದ್ರದ ಕಡೆಯ ಕಿಟಕಿ ಪಕ್ಕ ಅಂಥವೇ ಎರಡು ಕುರ್ಚಿ ಇವೆ.

“ಎಷ್ಟು ಗಂಟೆಗೆ ಬರ್ತಾಳೆ?” ಎಂದು ಕೇಳಿದರೆ ನನ್ನ ಗಂಡ ವಿಲ್ಫ್ರೆಡ್, “ಐದಕ್ಕೆ ಬಾಗಿಲು ಹಾಕ್ತೀವಿ, ಅಷ್ಟರೊಳಗೆ ಬಾ ಅಂದಿದೀನಿ,” ಎನ್ನುತ್ತಿದ್ದ. ಇಪ್ಪತ್ತು ವರ್ಷ ಮಂಡಿನೋವು ನುಂಗಿಕೊಂಡು ಆ ಕೋಣೆಯನ್ನು ನಿಂತೇ ಕಾದ. “ಹೆಸ್ಟರ್, ಒಂದೇ ಒಂದ್ಸಲ ಆ ಕಿಟಕಿ ಹತ್ರ ಕೂತು ಸಮುದ್ರ ನೋಡ್ಬೇಕು ಕಣೇ.” ಕೂರಲಿಲ್ಲ. ಮಾರ್ಚಿನಲ್ಲಿ ತೀರಿಕೊಂಡ. ಆಮೇಲೆ ಕೋಣೆ ಕಾಯುವ ಕೆಲಸ ನನಗೆ ಬಂತು.

ಜೂನ್‌ನಿಂದ ದಿನಾ ಸಂಜೆ ನಾಲ್ಕಕ್ಕೆ ಎಡಗಡೆ ಕುರ್ಚಿಯ ಮುಳ್ಳು ನೆಲದ ಮೇಲಿರುತ್ತಿತ್ತು. ಬಿದ್ದದ್ದಲ್ಲ, ಯಾರೋ ಜೋಪಾನವಾಗಿ ಇಟ್ಟದ್ದು. ಸೀಟು ಬೆಚ್ಚಗಿರುತ್ತಿತ್ತು. ವಿಲ್ಫ್ರೆಡ್ ಮಂಡಿಗೆ ಹಚ್ಚುತ್ತಿದ್ದ ಕರ್ಪೂರದೆಣ್ಣೆಯ ವಾಸನೆ.

“ಕೂತಿದ್ದು ನೀವೇ ತಾನೇ?” ಎಂದ ಮೇಲ್ವಿಚಾರಕ ಡೆಸ್ಮಂಡ್. “ಇನ್ನೊಂದ್ಸಲ ಕೂತ್ರೆ ಕೆಳಗಡೆ ಚಹಾ ಅಂಗಡಿಗೆ ಹಾಕ್ತೀನಿ, ಅಲ್ಲಿ ಕೂರೋಕೂ ಪುರುಸೊತ್ತಿರಲ್ಲ.”

“ನಾನೇ ಕಣಪ್ಪ, ವಯಸ್ಸಾಯ್ತು,” ಎಂದೆ. ನಿಜ ಹೇಳಿದ್ದರೆ ವಿಲ್ಫ್ರೆಡ್‌ನನ್ನು ನೋಡಲೂ ಟಿಕೆಟ್ ಇಡುತ್ತಿದ್ದರು.

ಹೋದ ವಾರ ಬಲಗಡೆ ಕುರ್ಚಿಯ ಮುಳ್ಳೂ ನೆಲದಲ್ಲಿತ್ತು. ಎಡಗಡೆ ಸೀಟು ಬೆಚ್ಚಗೆ, ಬಲಗಡೆಯದು ಯಾರೂ ಕೂತಿರದ ಹಾಗೆ ತಣ್ಣಗೆ. ಮೆಟ್ಟಿಲ ಮೇಲೆ ಡೆಸ್ಮಂಡ್‌ನ ಬೂಟಿನ ಸದ್ದು ಕೇಳುತ್ತಲೇ ಇತ್ತು. ಹೋಗಿ ಬಲಗಡೆಯದರಲ್ಲಿ ಕೂತೆ.

ಈಗ ಚಹಾ ಅಂಗಡಿಯಲ್ಲಿದ್ದೇನೆ. ಮೇಲಿನ ಕೋಣೆಯಲ್ಲಿ ಈಗಲೂ ನಾಲ್ಕಕ್ಕೆ ಎರಡೂ ಮುಳ್ಳು ಕೆಳಗಿರುತ್ತವಂತೆ. ಬಲಗಡೆ ಸೀಟು ಮಾತ್ರ ತಣ್ಣಗಿರುತ್ತದಂತೆ.