ಪೈ ಬಂದಿದೆ, ಹಾಡು ನಿಲ್ಲಿಸಿ!

"ಪೈ ಬಂದಿದೆ! ಎಲ್ಲರೂ ಸಾಲಾಗಿ ಬನ್ನಿ... ಬಟಾಣಿ ಬೇಕಾದವರು ಎಡಗಡೆ!"

ಮೈಕಿನಲ್ಲಿ ಆ ದನಿ ಮೊಳಗಿದಾಗ ಕ್ಲೈವ್ ರೆನ್‌ಶಾ ತನ್ನ ಹಾಡಿನ ಅತ್ಯಂತ ಆರ್ದ್ರವಾದ ಸಾಲಿನಲ್ಲಿದ್ದ. ಕಣ್ಣು ಮುಚ್ಚಿ, ಗಿಟಾರನ್ನು ಎದೆಗೊತ್ತಿಕೊಂಡು, 'ನೀನಿಲ್ಲದ ಈ ಲೋಕ...' ಎಂದು ಎಳೆಯುತ್ತಿದ್ದ. ಕಣ್ಣು ಬಿಟ್ಟರೆ ಲೋಕವೇ ಎದ್ದು, ಮಾಂಸ ತುಂಬಿ ಬೇಯಿಸಿದ ಬಿಸಿ ಪೈಗಾಗಿ ಅಡುಗೆಮನೆಯತ್ತ ಓಡುತ್ತಿತ್ತು!

ಅದು ಇಂಗ್ಲೆಂಡಿನ ರಾದರ್‌ಹ್ಯಾಮಿನಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸಗಾರರು ನಡೆಸುತ್ತಿದ್ದ ಕ್ಲಬ್ಬು. 1973ರ ಚಳಿಗಾಲ. ಮೈಕು ಹಿಡಿದಿದ್ದವಳು ಥೆಲ್ಮಾ ಓಲ್ಡ್‌ರಾಯ್ಡ್. ಆ ವೇದಿಕೆಯ ಮೇಲೆ ಯಾರು ಹಾಡಬೇಕು, ಯಾವಾಗ ಇಳಿಯಬೇಕು, ಎಲ್ಲವೂ ಅವಳದೇ ತೀರ್ಮಾನ.

"ಏನ್ರೀ ನೀವು? ಹಾಡ್ತಾ ಇದೀನಿ ಅನ್ನೋದು ಕಾಣಿಸ್ಲಿಲ್ವಾ?" ಕ್ಲೈವ್ ಕೆಂಡವಾದ.

"ಕಾಣಿಸ್ತು. ಪೈ ತಣ್ಣಗಾಗೋದೂ ಕಾಣಿಸ್ತು."

"ನಾನು ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತಲ್ಲ. ಪೈಗೂ ತಂಬೋಲಾಗೂ ಮಧ್ಯ ಹಾಡೋರು!"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳ ತಪ್ಪೂ ಅಲ್ಲ. ಹದಿಹರೆಯದಲ್ಲೇ ಗಿಟಾರು ಹಿಡಿದ ಕ್ಲೈವ್, ಉದ್ದ ಕೂದಲಿನ ಒಂದು ರಾಕ್ ತಂಡದಲ್ಲಿ ಊರಿನ ಕಿವಿ ಕಿವುಡಾಗುವಂತೆ ಬಾರಿಸಿದವನು. ತಂಡ ಜಗಳವಾಡಿ ಒಡೆದಾಗ ಅವನು ಮುಳುಗಲಿಲ್ಲ. ಒಬ್ಬರ ಗ್ರಾಮಫೋನ್ ರೆಕಾರ್ಡಿನಲ್ಲಿ ಸ್ಯಾಕ್ಸೋಫೋನ್ ಊದಿದ, ಇನ್ನೊಬ್ಬರದರಲ್ಲಿ ಡ್ರಮ್ಸ್ ಬಡಿದ. ದೊಡ್ಡ ಗಾಯಕಿಯೊಬ್ಬಳಿಗೆ ದೇಶವೇ ಅಳುವಂಥ ಹಾಡು ಬರೆದ. ಸಾರಿನ ಪುಡಿಯ ಜಾಹೀರಾತಿಗೂ, ಟೀವಿಯ ಮಕ್ಕಳ ಕಾರ್ಯಕ್ರಮದ ಬೊಂಬೆ ಕತ್ತೆಗೂ ರಾಗ ಕಟ್ಟಿದ್ದು ಅವನೇ!

ಅವನ ರಾಗ ಕೇಳದ ಮನೆ ಆ ದೇಶದಲ್ಲಿರಲಿಲ್ಲ. ಅವನ ಹೆಸರು ಬಲ್ಲ ಮನೆಯೂ ಇರಲಿಲ್ಲ. ಅದಕ್ಕೇ ಈಗ ತನ್ನ ಹೆಸರಿನಲ್ಲೇ ಹಾಡಬೇಕೆಂದು ಹಳೆಯ ವ್ಯಾನು ಹತ್ತಿ ಊರೂರು ಅಲೆಯುತ್ತಿದ್ದ.

ತಂಬೋಲಾ ಮುಗಿದ ಮೇಲೆ ಥೆಲ್ಮಾ ಅವನ ಮುಂದೆ ಒಂದು ತಟ್ಟೆ ಪೈ ತಂದಿಟ್ಟಳು.

"ತಿನ್ನಿ. ಕೋಪ ಬಂದಾಗ ಹಸಿವೂ ಆಗುತ್ತೆ."

ಅವನು ತಿಂದ. ತಿನ್ನುತ್ತಲೇ ಕೇಳಿದ, "ನನ್ನ ಹಾಡು ಹೇಗಿತ್ತು?"

"ನಿಜ ಹೇಳ್ಲಾ, ಸುಳ್ಳು ಹೇಳ್ಲಾ?"

"ಮೊದಲು ಸುಳ್ಳು."

"ಅದ್ಭುತವಾಗಿತ್ತು."

"...ಈಗ ನಿಜ."

"ಒಂದೊಂದು ಹಾಡೂ ಬೇರೆಯವರ ಕೋಟು ಹಾಕ್ಕೊಂಡು ಬಂದ ಹಾಗಿತ್ತು. ಕೋಟೆಲ್ಲ ಚೆನ್ನಾಗೇ ಇದ್ವು ಅನ್ನಿ. ಆದ್ರೆ ಒಳಗಿರೋ ಮನುಷ್ಯ ಯಾರು ಅಂತಾನೇ ತಿಳೀಲಿಲ್ಲ."

ಕ್ಲೈವನ ಚಮಚ ಅಲ್ಲೇ ನಿಂತಿತು. ಇಷ್ಟು ವರ್ಷಗಳಲ್ಲಿ ಯಾರೂ ಹೇಳದ ಮಾತದು!

'ಅಯ್ಯೋ... ಜಾಸ್ತಿ ಆಯ್ತೇನೋ,' ಎಂದು ಥೆಲ್ಮಾ ನಾಲಿಗೆ ಕಚ್ಚಿಕೊಂಡಳು. ಅವನು ಮಾತ್ರ ಜೋರಾಗಿ ನಕ್ಕುಬಿಟ್ಟ.

ಆಮೇಲೆ ಅವನ ವ್ಯಾನು ಆ ಊರಿನ ದಾರಿಯನ್ನು ಬಿಡಲೇ ಇಲ್ಲ. ಒಮ್ಮೆ ಗಿಟಾರಿನ ಪಟ್ಟಿ ಮರೆತೆನೆಂದು ಬಂದ. ಇನ್ನೊಮ್ಮೆ ಆ ಪಟ್ಟಿ ತನ್ನದಲ್ಲವೆಂದು ವಾಪಸು ಕೊಡಲು ಬಂದ! ಇಬ್ಬರೂ ಕಾಲುವೆಯ ದಂಡೆಯಲ್ಲಿ ನಡೆಯುತ್ತ ಹರಟುವರು. ವ್ಯಾನಿನ ಕೆಮ್ಮು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಥೆಲ್ಮಾಳ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತಿತ್ತು.

'ಪೆದ್ದಿ... ಊರೂರು ಸುತ್ತೋ ಹಾಡುಗಾರನ್ನ ನಂಬ್ತೀಯಾ?' ಎಂದು ತನ್ನನ್ನು ತಾನೇ ಬೈದುಕೊಳ್ಳುವಳು. ನಂಬಿಯೂ ಬಿಟ್ಟಿದ್ದಳು.

"ಹೊಸ ಹಾಡು ಬರೀತಿದೀನಿ. ಮೊದಲು ನಿನಗೇ ಕೇಳಿಸ್ತೀನಿ," ಎಂದು ಹೇಳಿ ಅವನು ಲಂಡನ್ನಿಗೆ ಹೋದ.

ಆದರೆ ಅವಳು ಅದನ್ನು ಕೇಳಿದ್ದು ಕೂದಲು ಸುರುಳಿ ಮಾಡಿಸುವ ಅಂಗಡಿಯ ರೇಡಿಯೋದಲ್ಲಿ!

*ಎದೆಯ ಮಾತು ತುಟಿಗೆ ಬಂತು,*
*ಅಷ್ಟರಲ್ಲಿ ಪೈ ಬಂತು!*
*ಮೈಕು ಹಿಡಿದ ಮಹಾರಾಣಿ*
*ಲೋಕವನ್ನೇ ಸಾಲಿಗೆಳೆದಳು!*

ಅಂಗಡಿಗೆ ಅಂಗಡಿಯೇ ಅವಳತ್ತ ತಿರುಗಿ, ಬಿದ್ದು ಬಿದ್ದು ನಕ್ಕಿತು. ತಲೆತುಂಬ ಸುರುಳಿ ಸಿಕ್ಕಿಸಿಕೊಂಡಿದ್ದ ಥೆಲ್ಮಾಗೆ ಎದ್ದು ಓಡುವ ಹಾಗೂ ಇರಲಿಲ್ಲ.

ಹಾಡು ದೇಶವೆಲ್ಲ ಗೆದ್ದಿತು. ಬಸ್ಸಿನಲ್ಲಿ ಕಂಡಕ್ಟರು, "ಮಹಾರಾಣಿ, ಟಿಕೆಟ್ ತಗೋತೀರಾ?" ಎಂದ. ಚರ್ಚಿನ ಪಾದ್ರಿ ಕೂಡ ಅವಳನ್ನು ಕಂಡು ಕೆಮ್ಮಿನ ನೆಪದಲ್ಲಿ ನಕ್ಕರು.

'ನಾನು ಅವನಿಗೆ ನಗೆಪಾಟಲು... ಅಷ್ಟೇನಾ? ಕಾಲುವೆ ದಂಡೇಲಿ ಆಡಿದ ಮಾತೆಲ್ಲ ಹಾಡಿಗೆ ಸರಕಾ?'

ದಿಂಬು ಒದ್ದೆಯಾಯಿತು. ಅವನು ಫೋನು ಮಾಡಿದಾಗಲೆಲ್ಲ ಅವಳು ರಿಸೀವರು ಕೆಳಗಿಟ್ಟಳು. ಕ್ಲಬ್ಬಿನ ಬಾಗಿಲಲ್ಲಿ ಅವನ ಹೆಸರು ಬರೆದು 'ಪ್ರವೇಶವಿಲ್ಲ' ಎಂಬ ಫಲಕ ತೂಗುಹಾಕಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಕ್ಲೈವ್ ಬಂದೇಬಿಟ್ಟ. ಬಾಗಿಲಲ್ಲಿ ಕುಳಿತಿದ್ದವರು ಥೆಲ್ಮಾಳ ಅಪ್ಪ ಆರ್ನಲ್ಡ್.

"ಒಳಗೆ ಬರೋ ಹಾಗಿಲ್ಲ ಕಣಯ್ಯ. ಕಮಿಟಿ ತೀರ್ಮಾನ."

"ಕಮಿಟೀಲಿ ಯಾರ್ಯಾರಿದಾರೆ?"

"ನನ್ನ ಮಗಳು. ಮತ್ತೆ ಅವಳಿಗೆ ಹೆದರೋ ನಾವೆಲ್ಲ."

"ಒಂದೇ ಮಾತು ಹೇಳಿ ಹೋಗ್ತೀನಿ ಸರ್..."

ಆರ್ನಲ್ಡ್ ಪೈಪು ಕೆಳಗಿಟ್ಟರು. "ನನ್ನ ಮಗಳನ್ನ ಅಳಿಸಿದೀಯ. ನಿನ್ನ ಮೂತಿಗೆ ಒಂದು ಕೊಡ್ಬೇಕು ಅಂತಿದ್ದೆ. ಆದ್ರೆ ನಿನ್ನ ಮುಖಾನೂ ಅಳು ಬಂದ ಹಾಗೇ ಇದೆ... ನೋಡು, ಒಳಗೆ ಬಿಡಲ್ಲ. ಬೀದಿ ಮಾತ್ರ ನನ್ನದಲ್ಲ. ಆ ಕಡೆ ಕಿಟಕಿಯ ಗಾಜು ಒಡೆದು ಹೋಗಿದೆ, ಇನ್ನೂ ಹಾಕಿಸಿಲ್ಲ. ಯಾರಾದ್ರೂ ಅಲ್ಲಿ ನಿಂತು ಹಾಡಿದ್ರೆ ನಾನೇನು ಮಾಡ್ಲಿ?"

ಒಳಗೆ ಥೆಲ್ಮಾ ತಂಬೋಲಾದ ಅಂಕಿ ಕೂಗುತ್ತಿದ್ದಳು. ಕಿಟಕಿಯಿಂದ ಗಿಟಾರು ಕೇಳಿತು. ಅವಳು ದನಿ ಏರಿಸಿದಳು. ಗಿಟಾರೂ ಏರಿತು. ಅವಳು ಕಿರುಚಿದಳು!

"ಥೆಲ್ಮಾ," ಎಂದು ಮುಂದಿನ ಸಾಲಿನಿಂದ ಎನಿಡ್ ಅಜ್ಜಿ ಗದರಿದರು, "ನಂಗೆ ಇನ್ನೊಂದೇ ಅಂಕಿ ಬಂದ್ರೆ ಬಹುಮಾನ. ಆದ್ರೂ ಹೇಳ್ತೀನಿ... ಬಾಯಿ ಮುಚ್ಚೇ! ಹುಡುಗ ಏನೋ ಹೇಳ್ತಿದಾನೆ."

ಥೆಲ್ಮಾ ಮೈಕು ಕೆಳಗಿಳಿಸಿದಳು. ಯಾವ ರೇಡಿಯೋದಲ್ಲೂ ಬಾರದ ಸಾಲುಗಳು ಚಳಿಯೊಂದಿಗೆ ಒಳಗೆ ಬಂದವು.

*ಊರಿಗೆಲ್ಲ ದನಿ ಕೊಟ್ಟವನ*
*ದನಿ ಎಲ್ಲೆಂದು ಕೇಳಿದಳು.*
*ನನ್ನೊಳಗೆ ನಾ ಹುಡುಕಿ ಸೋತೆ,*
*ಸಿಕ್ಕಿದ್ದು ಅವಳ ಹೆಸರೊಂದೇ...*

ಈ ಸಲ ಅವನು ಯಾರ ಹಾಗೂ ಹಾಡುತ್ತಿರಲಿಲ್ಲ. ದನಿ ಒಂದೆರಡು ಕಡೆ ಒಡೆಯಿತು ಕೂಡ. ಥೆಲ್ಮಾಳ ಕೈಯಿಂದ ಅಂಕಿಯ ಚೆಂಡು ಜಾರಿ ನೆಲದ ಮೇಲೆ ಉರುಳಿತು. ಅವಳು ಕೋಟನ್ನೂ ತೊಡದೆ ಹೊರಗೋಡಿದಳು.

"ಈ ಸಾಲು ರೇಡಿಯೋದಲ್ಲಿ ಯಾಕೆ ಬರಲ್ಲ?"

"ಕಂಪನಿಯವರು ಕತ್ತರಿಸಿದ್ರು. ನಗೋ ಹಾಡಲ್ಲಿ ಅಳು ಬೇಡ ಅಂದ್ರು. ರೆಕಾರ್ಡು ಅಂಗಡಿಗೆ ಬಂದ ಮೇಲೇ ನಂಗೆ ಗೊತ್ತಾಗಿದ್ದು."

"ಮೊದಲು ನನಗೇ ಕೇಳಿಸ್ತೀನಿ ಅಂದಿದ್ದೆ."

"ಅದು ನನ್ನದೇ ತಪ್ಪು, ಥೆಲ್ಮಾ. ನಿನ್ನ ಮುಂದೆ ಹಾಡೋಕೆ ಭಯ ಆಯ್ತು. ಬೇಡ ಅಂದ್ಬಿಟ್ರೆ...? ಊರೆಲ್ಲ ನಿನ್ನ ನೋಡಿ ನಗೋ ಹಾಗಾಯ್ತು. ಕ್ಷಮಿಸ್ತೀಯಾ?"

ಅವಳು ಮೂಗೊರೆಸಿಕೊಂಡಳು. "ಕಂಡಕ್ಟರಿಗೆ ನೀನೇ ಉತ್ತರ ಹೇಳ್ಬೇಕು."

"ಹೇಳ್ತೀನಿ."

"ಪಾದ್ರಿಗಳಿಗೂ."

"ಅವರ ಹತ್ರ ಹೇಗೂ ಹೋಗ್ಬೇಕಲ್ಲ... ಇಬ್ಬರೂ ಒಟ್ಟಿಗೆ." ಕ್ಲೈವ್ ಗಿಟಾರನ್ನು ಬೆನ್ನಿಗೆ ಸರಿಸಿದ. "ನನ್ನನ್ನ ಮದುವೆ ಆಗ್ತೀಯಾ?"

ಒಡೆದ ಕಿಟಕಿಯಲ್ಲಿ ಕ್ಲಬ್ಬಿನ ತಲೆಗಳೆಲ್ಲ ಒತ್ತೊತ್ತಾಗಿ ಇಣುಕುತ್ತಿದ್ದವು. ಥೆಲ್ಮಾ ಅತ್ತ ನೋಡಲೇ ಇಲ್ಲ.

"ಇಷ್ಟು ದಿನ ಯಾಕೆ ಕೇಳ್ಲಿಲ್ಲ?"

"ಈ ಮಾತಿಗೆ ರಾಗಾನೇ ಸಿಗ್ಲಿಲ್ಲ ಕಣೇ."

"ರಾಗ ಬೇಡ," ಅವಳು ಅವನ ತಣ್ಣಗಿನ ಬೆರಳುಗಳನ್ನು ಹಿಡಿದುಕೊಂಡಳು. "ಇನ್ನೊಂದು ಸಲ... ಹಾಗೇ ಹೇಳು."

ಅವನು ಮೆಲ್ಲಗೆ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ.

"ಹ್ಞೂಂ," ಎಂದಳು ಥೆಲ್ಮಾ.